ನಾಲ್ಕನೆಯವರು ಬೇಕಾಗಿದ್ದಾರೆ

ಕೆನಡಾದ ವಿನಿಪೆಗ್‌ಗೆ ಬಂದ ಮೊದಲ ಚಳಿಗಾಲದಲ್ಲಿ, ಜನವರಿಯ ಒಂದು ಸೋಮವಾರ, ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಮರುದಿನ ಸಂಜೆ ನನಗೆ ಬಿಡುವಿದೆಯೇ ಎಂದು ಕೇಳಿದರು. ಅವರ ಕರ್ಲಿಂಗ್ ತಂಡದ ಆಟಗಾರನೊಬ್ಬನಿಗೆ ಜ್ವರ ಬಂದಿತ್ತು. ತಂಡಕ್ಕೆ ನಾಲ್ವರು ಬೇಕು, ಮೂವರೇ ಉಳಿದಿದ್ದರು. ಆ ಆಟವನ್ನು ನಾನು ಒಮ್ಮೆಯೂ ನೋಡಿಲ್ಲ, ಮಂಜುಗಡ್ಡೆಯ ಮೇಲೆ ಕಾಲಿಟ್ಟವನೂ ಅಲ್ಲ ಎಂದೆ. ಅದಕ್ಕೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಹೊರಗೆ ಮೆಟ್ಟದ, ಅಡಿಯಲ್ಲಿ ಮಣ್ಣು ಉಪ್ಪು ಅಂಟಿರದ ಒಂದು ಜೊತೆ ಶೂ ಇದೆಯೇ? ಅಷ್ಟಿದ್ದರೆ ಸಾಕು, ಉಳಿದದ್ದೆಲ್ಲ ಕ್ಲಬ್ಬಿನಲ್ಲೇ ಸಿಗುತ್ತದೆ ಎಂದರು.

ಅದಾಗಿ ಹನ್ನೊಂದು ಚಳಿಗಾಲಗಳು ಕಳೆದಿವೆ, ಮತ್ತು ಮಂಗಳವಾರ ಸಂಜೆ ನಾನು ಈಗಲೂ ಅದೇ ಕ್ಲಬ್ಬಿನಲ್ಲಿರುತ್ತೇನೆ. ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಊರಿನಿಂದ ಫೋನ್ ಮಾಡುವವರು, ಹಿಮದ ಮೇಲೆ ಕಲ್ಲು ಜಾರಿಸಿ ಪೊರಕೆ ಹಿಡಿದು ಗುಡಿಸುವ ಈ ಆಟಕ್ಕೆ ಕೆನಡಾದ ಜನ ಇಷ್ಟೇಕೆ ಮನಸೋತಿದ್ದಾರೆ ಎಂದು ಕೇಳುತ್ತಾರೆ. ಚಳಿಯಿದೆ, ಮಂಜುಗಡ್ಡೆಯಿದೆ, ಅದಕ್ಕೇ ಎಂದು ಹೇಳಿಬಿಡಬಹುದು. ಆದರೆ ಚಳಿಯೂ ಮಂಜುಗಡ್ಡೆಯೂ ರಷ್ಯಾದಲ್ಲಿಯೂ ಇವೆ, ಫಿನ್ಲೆಂಡಿನಲ್ಲಿಯೂ ಇವೆ, ಅಲ್ಲಿ ಈ ಆಟ ಹೀಗೆ ಊರೂರಿನ ಆಟವಾಗಿ ಬೆಳೆಯಲಿಲ್ಲ. ಸರಿಯಾದ ಉತ್ತರಕ್ಕಾಗಿ ಯೋಚಿಸುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸೋಮವಾರದ ಪ್ರಶ್ನೆಯೇ. ಆಟ ಬಾರದವನನ್ನೂ ಕರೆಯುವ ಆಟ ಇದು, ಏಕೆಂದರೆ ಇದಕ್ಕೆ ಸದಾ ಒಬ್ಬರು ಕಡಿಮೆ ಇರುತ್ತಾರೆ.

ಮೊದಲು ಕಲ್ಲಿನ ವಿಷಯ ಹೇಳಬೇಕು. ಅದನ್ನು ಹತ್ತಿರದಿಂದ ನೋಡಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಅಜ್ಜಿಯ ಮನೆಯ ಒರಳಿನ ಗುಂಡು. ಅದೇ ನುಣುಪು, ಕೈಗೆ ಅದೇ ತಂಪು, ಮೇಲಕ್ಕೆತ್ತಲು ಹೋದರೆ ಸೊಂಟ ಹಿಡಿಯುವಂಥ ಅದೇ ಭಾರ. ನಿಯಮದ ಪ್ರಕಾರ ಒಂದು ಕಲ್ಲು 17 ಕಿಲೋಗಿಂತ ತುಸು ಹೆಚ್ಚಿನಿಂದ 20 ಕಿಲೋ ಒಳಗಿನ ತೂಕದ್ದಾಗಿರುತ್ತದೆ. ಉತ್ತಮ ದರ್ಜೆಯ ಕಲ್ಲುಗಳಿಗೆ ಬೇಕಾದ ಗ್ರಾನೈಟ್ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿನ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ ಬರುತ್ತದೆ. ನೀರು ಹೀರದ, ಒಂದಕ್ಕೊಂದು ಬಡಿದರೂ ಸುಲಭವಾಗಿ ಚಕ್ಕೆ ಏಳದ ಶಿಲೆ ಅದು. ಕಲ್ಲಿನ ತಳ ಬಟ್ಟಲಿನಂತೆ ಒಳಕ್ಕೆ ತಗ್ಗಾಗಿರುವುದರಿಂದ ಒಂದು ಕಿರಿದಾದ ಬಳೆಯಷ್ಟು ಭಾಗ ಮಾತ್ರ ಮಂಜುಗಡ್ಡೆಗೆ ತಾಗುತ್ತದೆ. ಆ ಮಂಜುಗಡ್ಡೆಯೂ ಕನ್ನಡಿಯಂತೆ ನಯವಾಗಿರುವುದಿಲ್ಲ. ಆಟಕ್ಕೆ ಮುಂಚೆ, ಅದನ್ನು ನೋಡಿಕೊಳ್ಳುವಾತ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದೆ ಹಿಂದೆ ನಡೆಯುತ್ತ, ಕೈಯಲ್ಲಿರುವ ಜಾಲರಿಯ ಮೂತಿಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಬೆಚ್ಚಗಿನ ನೀರಿನ ಹನಿಗಳನ್ನು ಉದುರಿಸುತ್ತಾನೆ. ಬೆಳಗ್ಗೆ ರಂಗೋಲಿಗೆ ಮುನ್ನ ಅಂಗಳಕ್ಕೆ ನೀರು ಚಿಮುಕಿಸುವವರ ಕೈಗೆ ಇರುವ ಲಯವೇ ಆ ಕೈಗೂ ಇದೆ. ಬಿದ್ದ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ, ನೆಲದ ತುಂಬ ಸಾಸಿವೆ ಚೆಲ್ಲಿದಂತೆ ಪುಟ್ಟ ಪುಟ್ಟ ಉಬ್ಬುಗಳು ಏಳುತ್ತವೆ. ಇಲ್ಲಿನವರು ಇದನ್ನು ಪೆಬಲ್ ಎನ್ನುತ್ತಾರೆ. ಕಲ್ಲು ಸಾಗುವುದು ಈ ಉಬ್ಬುಗಳ ತಲೆಯ ಮೇಲೆ, ಹಾಗೆ ಸಾಗುವಾಗ ಅದು ದೂರದ ಗುಡುಗಿನಂತೆ ಮೊಳಗುತ್ತದೆ. ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ.

ಒಂದೊಂದು ತಂಡದಲ್ಲಿ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡಗಳು ಸರದಿಯಂತೆ ಹದಿನಾರು ಕಲ್ಲುಗಳನ್ನು ಜಾರಿಸಿದರೆ ಒಂದು ಎಂಡ್ ಮುಗಿಯಿತು. ಸುಮಾರು 45 ಮೀಟರ್ ಉದ್ದದ ಹಾದಿಯ ಆ ತುದಿಯಲ್ಲಿ ಹನ್ನೆರಡು ಅಡಿ ಅಗಲದ ವೃತ್ತವಿರುತ್ತದೆ, ಅದರ ಹೆಸರು ಹೌಸ್, ಅಂದರೆ ಮನೆ. ಮನೆಯ ನಡುಬಿಂದುವಿಗೆ ಅತಿ ಸಮೀಪದಲ್ಲಿ ಯಾರ ಕಲ್ಲು ನಿಂತಿದೆಯೋ ಆ ತಂಡಕ್ಕೆ ಮಾತ್ರ ಅಂಕ. ಲೆಕ್ಕ ಇಷ್ಟೇ. ಆದರೆ ಕಲ್ಲು ಕೈಬಿಟ್ಟ ಮೇಲೆ ನಡೆಯುವುದೇ ಈ ಆಟದ ಜೀವಾಳ. ಕ್ರಿಕೆಟ್‌ನಲ್ಲಿ ಚೆಂಡು ಕೈಬಿಟ್ಟ ಮೇಲೆ ಬೌಲರ್ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಇಲ್ಲಿ ಕಲ್ಲು ಮನೆ ತಲುಪಲು ಇಪ್ಪತ್ತೈದು ಸೆಕೆಂಡುಗಳ ಆಸುಪಾಸು ತೆಗೆದುಕೊಳ್ಳುತ್ತದೆ, ಮತ್ತು ಆ ಅಷ್ಟೂ ಹೊತ್ತು ಅದರ ಹಣೆಬರಹ ಬದಲಾಗುತ್ತಲೇ ಇರುತ್ತದೆ. ಇಬ್ಬರು ಅದರ ಮುಂದೆ ಮುಂದೆ ಓಡುತ್ತ ಬ್ರಶ್ಶಿನಿಂದ ಮಂಜುಗಡ್ಡೆಯನ್ನು ಬಿರುಸಾಗಿ ಉಜ್ಜುತ್ತಾರೆ. ಉಜ್ಜಿದಲ್ಲಿ ಹುಟ್ಟುವ ಸಣ್ಣ ಬಿಸಿಗೆ ಘರ್ಷಣೆ ತಗ್ಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಉಜ್ಜುವವರು ಕಲ್ಲಿನ ವೇಗವನ್ನು ಅಂದಾಜು ಮಾಡಿ ಕೂಗುತ್ತಾರೆ, ಅತ್ತ ಮನೆಯಲ್ಲಿ ನಿಂತ ಸ್ಕಿಪ್, ಅಂದರೆ ತಂಡದ ನಾಯಕರು, ಅದರ ದಿಕ್ಕನ್ನು ನೋಡಿ ಉಜ್ಜಿ ಎಂದೋ ಬಿಡಿ ಎಂದೋ ಗಂಟಲು ಹರಿದುಕೊಳ್ಳುತ್ತಾರೆ, ಜಾರಿಸಿದವರು ಮೊಣಕಾಲೂರಿದಲ್ಲಿಂದಲೇ ಕಣ್ಣು ಕೀಲಿಸಿ ಕಾಯುತ್ತಾರೆ. ಒಂದು ಕಲ್ಲಿಗೆ ನಾಲ್ಕು ಜನರ ಬುದ್ಧಿಯೂ ಮೈಯೂ ಬೇಕಾಗುತ್ತವೆ. ಯಾರೊಬ್ಬರೂ ಅದು ತನ್ನದೇ ಹೊಡೆತ ಎಂದು ಹೇಳಿಕೊಳ್ಳುವಂತಿಲ್ಲ.

ಮೇಜಿನ ಮೇಲೆ ಲೋಟವನ್ನು ಬೋರಲು ಹಾಕಿ, ಬಲಕ್ಕೆ ತಿರುಗಿಸುತ್ತ ಮುಂದಕ್ಕೆ ಜಾರಿಸಿದರೆ ಅದು ಎಡಕ್ಕೆ ಬಾಗುತ್ತದೆ. ಕರ್ಲಿಂಗ್ ಕಲ್ಲು ಹಾಗಲ್ಲ, ಬಲಕ್ಕೆ ತಿರುಗುತ್ತ ಬಲಕ್ಕೇ ಬಾಗುತ್ತದೆ. ಇದು ಏಕೆ ಹೀಗೆ ಎಂಬ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇಂದಿಗೂ ಪೂರ್ತಿ ಒಮ್ಮತವಿಲ್ಲ. ಕಾರಣ ಗೊತ್ತಿಲ್ಲದ ಆ ಬಾಗನ್ನು ಎಪ್ಪತ್ತು ವರ್ಷದ ರೈತರೊಬ್ಬರು ಬರಿಗಣ್ಣಿನಿಂದ ಅಳೆದು ನಾಲ್ಕು ಬೆರಳಿನಷ್ಟು ಕರಾರುವಾಕ್ಕಾಗಿ ಹೇಳುವುದನ್ನು ನಾನು ಪಕ್ಕದಲ್ಲಿ ನಿಂತು ಎಷ್ಟೋ ಸಲ ಕಂಡಿದ್ದೇನೆ.

ಆಟ ಹುಟ್ಟಿದ್ದು ಕೆನಡಾದಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಅಲ್ಲಿಂದ ಬಂದ ವ್ಯಾಪಾರಿಗಳು, ಸೈನಿಕರು, ಬೇಸಾಯಗಾರರು ಇದನ್ನು ಜೊತೆಗೆ ತಂದರು. 1807ರಲ್ಲಿ ಮಾಂಟ್ರಿಯಲ್‌ನಲ್ಲಿ ಆರಂಭವಾದ ಕರ್ಲಿಂಗ್ ಕ್ಲಬ್ ಉತ್ತರ ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವ ಕ್ರೀಡಾ ಕ್ಲಬ್‌ಗಳ ಪೈಕಿ ಅತ್ಯಂತ ಹಳೆಯದು. ಗ್ರಾನೈಟ್ ಸಿಗದ ಕಡೆ ಕ್ವಿಬೆಕ್‌ನವರು ಕಬ್ಬಿಣದ ‘ಕಲ್ಲು’ಗಳನ್ನು ಎರಕ ಹೊಯ್ದರು, ಒಂಟಾರಿಯೊದವರು ಮರದ ದಿಮ್ಮಿಗೆ ಕಬ್ಬಿಣದ ಪಟ್ಟಿ ಬಿಗಿದು ಆಡಿದರು. ಆದರೆ ಪೂರ್ವದ ನಗರಗಳಲ್ಲಿ ಇದು ಬಹುಮಟ್ಟಿಗೆ ಉಳ್ಳವರ ಕ್ಲಬ್ಬಿನ ಆಟವಾಗಿಯೇ ಇತ್ತು. ಇದು ಎಲ್ಲರ ಆಟವಾದದ್ದು ರೈಲು ಪಶ್ಚಿಮಕ್ಕೆ ಹೊರಟ ಮೇಲೆ, ಪ್ರೇರಿ ಎಂದು ಕರೆಯುವ ಈ ಬಯಲುಸೀಮೆಯಲ್ಲಿ.

ಇಲ್ಲಿ ಒಂದು ಚಳಿಗಾಲವನ್ನು ಕಳೆಯದವರಿಗೆ ಪ್ರೇರಿಯ ಒಂಟಿತನವನ್ನು ವಿವರಿಸುವುದು ಕಷ್ಟ. ನೂರಾರು ಎಕರೆಯ ಜಮೀನು, ಕಣ್ಣಳತೆಯಲ್ಲಿ ಇನ್ನೊಂದು ಮನೆಯಿಲ್ಲ, ಅಕ್ಟೋಬರಿನ ಹೊತ್ತಿಗೆ ಗೋಧಿಯ ಕೊಯ್ಲು ಮುಗಿದರೆ ಮೇ ತಿಂಗಳ ಬಿತ್ತನೆಯವರೆಗೆ ಹೊಲದಲ್ಲಿ ಕೆಲಸವಿಲ್ಲ, ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಗಾಳಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲಿನ ಬಿಡುವಿಗೆ ಜಾತ್ರೆ, ಬಯಲಾಟಗಳಿವೆ. ಇವರಿಗೆ ಆ ಬಿಡುವನ್ನು ತುಂಬಿಕೊಟ್ಟದ್ದು ಕರ್ಲಿಂಗ್. ಐಸ್ ಹಾಕಿಗೆ ಹೆಚ್ಚು ಜನ ಬೇಕು, ಅದರಲ್ಲೂ ಹರೆಯದವರು ಬೇಕು. ಕರ್ಲಿಂಗಿಗೆ ನಾಲ್ವರು ಸಾಕು, ಹದಿನೈದರ ಹುಡುಗನೂ ಎಪ್ಪತ್ತರ ತಾತನೂ ಒಂದೇ ತಂಡದಲ್ಲಿ ಆಡಬಹುದು, ಪಾದ್ರಿಯೂ ಬ್ಯಾಂಕಿನ ಮ್ಯಾನೇಜರನೂ ಅವನಿಂದ ಸಾಲ ಪಡೆದ ರೈತನೂ ಒಂದೇ ಕಲ್ಲಿನ ಮುಂದೆ ಬಗ್ಗಿ ಉಜ್ಜಬಹುದು. ಐನೂರು ಜನವಿಲ್ಲದ ಊರುಗಳೂ ಸೇರಿ ದುಡ್ಡು ಹಾಕಿ, ಬೇಸಿಗೆಯಲ್ಲಿ ತಮ್ಮ ಕೈಯಿಂದಲೇ ತಗಡಿನ ಸೂರು ಎತ್ತಿ ಎರಡು ಹಾದಿಗಳ ಪುಟ್ಟ ರಿಂಕ್ ಕಟ್ಟಿಕೊಂಡವು. ಶಾಲೆಯ ಮಕ್ಕಳಿಗೆ ಭಾರದ ಕಲ್ಲು ಎಲ್ಲಿಂದ ತರುವುದು? ಜಾಮ್ ಡಬ್ಬಿಗಳಿಗೆ ಸಿಮೆಂಟ್ ಸುರಿದು, ಅದು ಗಟ್ಟಿಯಾಗುವ ಮುನ್ನ ಒಂದು ಹಿಡಿಕೆ ಸಿಕ್ಕಿಸಿ ಕೊಟ್ಟರು. ಜಾಮ್ ಡಬ್ಬಿ ಕರ್ಲಿಂಗ್ ಆಡಿ ಬೆಳೆದ ಅಜ್ಜಂದಿರು ನಮ್ಮ ಕ್ಲಬ್ಬಿನಲ್ಲಿ ಇಂದಿಗೂ ಇದ್ದಾರೆ. 2001ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯ ಕರ್ಲಿಂಗ್ ಅನ್ನು ತನ್ನ ಅಧಿಕೃತ ಕ್ರೀಡೆ ಎಂದು ಘೋಷಿಸಿದ್ದರ ಹಿಂದೆ ಇಂಥ ನೂರಾರು ಊರುಗಳ ನೆನಪಿದೆ.

ವಾರಾಂತ್ಯಗಳಲ್ಲಿ ಈ ಊರುಗಳು ಒಂದನ್ನೊಂದು ಪಂದ್ಯಾವಳಿಗೆ ಆಹ್ವಾನಿಸುತ್ತವೆ. ಅದಕ್ಕೆ ಬಾನ್‌ಸ್ಪೀಲ್ ಎಂದು ಹೆಸರು. ವಿನಿಪೆಗ್‌ನ ದೊಡ್ಡ ಬಾನ್‌ಸ್ಪೀಲ್ ಶುರುವಾದದ್ದು 1889ರಲ್ಲಿ. ಅದು 1988ರಲ್ಲಿ ನಡೆದಾಗ ಸಾವಿರಕ್ಕೂ ಹೆಚ್ಚು ತಂಡಗಳು ಬಂದಿದ್ದವು, ನಗರದ ಒಳಗೂ ಸುತ್ತಮುತ್ತಲೂ ಇರುವ ಕ್ಲಬ್‌ಗಳಲ್ಲಿ ಏಕಕಾಲಕ್ಕೆ ಆಟ ನಡೆಯಿತು. 1947ರಲ್ಲಿ ಸಸ್ಕಾಚೆವಾನ್‌ನ ನಿಪಾವಿನ್ ಎಂಬ ಸಣ್ಣ ಪಟ್ಟಣ ಗೆದ್ದ ತಂಡದ ನಾಲ್ವರಿಗೂ ಒಂದೊಂದು ಹೊಸ ಕಾರನ್ನೇ ಬಹುಮಾನವಾಗಿ ಇಟ್ಟಿತ್ತು. ಆದರೆ ಸಾಮಾನ್ಯ ಬಾನ್‌ಸ್ಪೀಲ್‌ಗಳಲ್ಲಿ ಸಿಗುವುದು ಬಾಣಲೆ, ಕಂಬಳಿ, ಮಾಂಸದ ಪೊಟ್ಟಣ ಇಂಥವೇ, ಮತ್ತು ಜನ ಹೋಗುವುದು ಅವುಗಳಿಗಾಗಿ ಅಲ್ಲ.

ಈ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಅಡುಗೆಮನೆಯನ್ನು ಮರೆಯುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ಪ್ರತಿ ರಿಂಕಿನ ಗಾಜಿನ ಹಿಂದೆ ಒಂದು ಅಡುಗೆಮನೆ ಇರುತ್ತದೆ, ಅಲ್ಲಿ ದಶಕಗಳ ಕಾಲ ಸೂಪು ಕುದಿಸಿದವರು, ಸೇಬಿನ ಪೈ ಬೇಯಿಸಿದವರು, ಆ ಹಣದಿಂದ ಕ್ಲಬ್ಬಿನ ಸೂರು ರಿಪೇರಿ ಮಾಡಿಸಿದವರು ಊರಿನ ಹೆಂಗಸರು. ಅವರಿಗೂ ಆಡುವ ಆಸೆಯಿತ್ತು, ಆಡುತ್ತಲೂ ಇದ್ದರು. ಆದರೆ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್ 1927ರಲ್ಲೇ ಆರಂಭವಾದರೆ ಮಹಿಳೆಯರದ್ದು ಬಂದದ್ದು 1961ರಲ್ಲಿ, ಮೂವತ್ತನಾಲ್ಕು ವರ್ಷ ತಡವಾಗಿ. ಈ ಆಟದ ಜನಪ್ರಿಯತೆಯನ್ನು ಕಟ್ಟಿದವರಲ್ಲಿ ಅರ್ಧದಷ್ಟು ಜನರ ಹೆಸರು ಯಾವ ಟ್ರೋಫಿಯ ಮೇಲೂ ಇಲ್ಲ.

ಪುರುಷರ ಆ ಚಾಂಪಿಯನ್‌ಶಿಪ್ಪಿಗೆ ಬ್ರಯರ್ ಎಂದು ಹೆಸರು. ಅದು ಪ್ರಾಯೋಜಕರಾಗಿದ್ದ ತಂಬಾಕು ಕಂಪನಿಯ ಒಂದು ಬ್ರ್ಯಾಂಡಿನ ಹೆಸರು. ತಂಬಾಕು ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದುಕೊಂಡಿದೆ. ಟೊರಾಂಟೊದಲ್ಲಿ ಎಂಟು ತಂಡಗಳೊಡನೆ ನಡೆದ ಮೊದಲ ಬ್ರಯರ್ ಗೆದ್ದದ್ದು ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್‌ನ ಮರ್ರಿ ಮೆಕ್‌ನೀಲ್ ಅವರ ತಂಡ. 2005ರಲ್ಲಿ ಎಡ್ಮಂಟನ್‌ನಲ್ಲಿ ನಡೆದ ಬ್ರಯರ್ ನೋಡಲು ಎಲ್ಲ ದಿನಗಳದ್ದೂ ಸೇರಿ 2,80,000ಕ್ಕೂ ಹೆಚ್ಚು ಜನ ಬಂದಿದ್ದರು. ಬ್ರಯರ್‌ನ ಒಂದು ವಿಶೇಷವೆಂದರೆ ಅಲ್ಲಿ ಪ್ರಾಂತ್ಯಗಳ ಹೆಸರಿನಲ್ಲಿ ತಂಡಗಳು ಆಡುತ್ತವೆ. ಹಾಕಿಯ ದೊಡ್ಡ ವೃತ್ತಿಪರ ಲೀಗಿನಲ್ಲಿ ದೊಡ್ಡ ನಗರಗಳಿಗಷ್ಟೇ ತಂಡವುಂಟು; ಇಲ್ಲಿ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನಂಥ ಪುಟ್ಟ ಪ್ರಾಂತ್ಯದ ಹೆಸರು ಬೆನ್ನಿಗೆ ಹೊತ್ತ ನಾಲ್ವರು ಒಂಟಾರಿಯೊದ ಎದುರು ಸಮನಾಗಿ ನಿಲ್ಲುತ್ತಾರೆ.

ಟಿವಿಯ ಪಾತ್ರವನ್ನೂ ಹೇಳಲೇಬೇಕು, ಏಕೆಂದರೆ ಆಡುವವರಿಗಿಂತ ನೋಡುವವರ ಸಂಖ್ಯೆ ಬಹಳ ದೊಡ್ಡದು. ಪಂದ್ಯಗಳಲ್ಲಿ ಆಟಗಾರರ ಅಂಗಿಗೆ ಪುಟ್ಟ ಮೈಕ್ ಸಿಕ್ಕಿಸಿರುತ್ತಾರೆ. ಯಾವ ಕಲ್ಲನ್ನು ಹೊಡೆಯಬೇಕು, ಯಾವುದನ್ನು ಕಾವಲಿಗೆ ಬಿಡಬೇಕು, ಈ ಹೊಡೆತ ತಪ್ಪಿದರೆ ಏನಾಗುತ್ತದೆ ಎಂದು ನಾಲ್ವರೂ ತಲೆಗೂಡಿಸಿ ಮಾತನಾಡುವುದನ್ನು, ಸ್ಕಿಪ್ ಹಿಂಜರಿಯುವುದನ್ನು, ಕಿರಿಯ ಆಟಗಾರ್ತಿಯೊಬ್ಬಳು ಧೈರ್ಯ ಮಾಡಿ ಬೇರೆ ದಾರಿ ಸೂಚಿಸುವುದನ್ನು ಮನೆಯಲ್ಲಿ ಕುಳಿತವರು ಕೇಳಿಸಿಕೊಳ್ಳುತ್ತಾರೆ. ಕೇಳುವುದಷ್ಟೇ ಅಲ್ಲ, ಮಾತಿಗೆ ಸೇರಿಕೊಳ್ಳುತ್ತಾರೆ. 2018ರ ಒಲಿಂಪಿಕ್ಸ್‌ನಲ್ಲಿ ಕೆನಡಾದ ಪುರುಷರ ತಂಡವೂ ಮಹಿಳೆಯರ ತಂಡವೂ ಪದಕವಿಲ್ಲದೆ ಮರಳಿದಾಗ, ನಮ್ಮ ಕ್ಲಬ್ಬಿನ ಮೇಜುಗಳ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಪೊಟ್ಟಣಗಳನ್ನು ಕಲ್ಲುಗಳಂತೆ ಜೋಡಿಸಿ ಒಂದೊಂದು ಎಂಡನ್ನೂ ಮತ್ತೆ ಆಡಿದವರ ದುಃಖ ನಿಜವಾದ ದುಃಖವಾಗಿತ್ತು. ಸೋತವರನ್ನು ಅವರು ಬೈಯಲಿಲ್ಲ. ಅದೇ ಹೊಡೆತವನ್ನು ತಾವೂ ಆಡಿ ತಪ್ಪಿದವರು ಬೈಯುವುದು ಹೇಗೆ?

ನೋಡುವವರಿಗೂ ಆಡುವವರಿಗೂ ನಡುವಿನ ಈ ದೂರ ಎಷ್ಟು ಕಡಿಮೆ ಎಂಬುದು ನನಗೆ ತಿಳಿದದ್ದು ಸಾಂಡ್ರಾ ಶ್ಮಿರ್ಲರ್ ಅವರ ಕಥೆ ಕೇಳಿದಾಗ. ನಮ್ಮ ತಂಡದ ಸ್ಕಿಪ್ ಸಸ್ಕಾಚೆವಾನ್‌ನಿಂದ ಬಂದವರು, ಅವರು ಈ ಹೆಸರನ್ನು ಮನೆಮಗಳ ಹೆಸರಿನಂತೆ ಹೇಳುತ್ತಾರೆ. ಬಿಗ್ಗರ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಶ್ಮಿರ್ಲರ್, ಜ್ಯಾನ್ ಬೆಟ್ಕರ್, ಜೋನ್ ಮೆಕ್‌ಕಸ್ಕರ್ ಮತ್ತು ಮಾರ್ಸಿಯಾ ಗುಡೆರೈಟ್ ಅವರೊಂದಿಗೆ 1993, 1994 ಮತ್ತು 1997ರಲ್ಲಿ ವಿಶ್ವ ಚಾಂಪಿಯನ್ ಆದರು. 1997ರ ಕೊನೆಯಲ್ಲಿ ಮ್ಯಾನಿಟೋಬಾದ ಬ್ರ್ಯಾಂಡನ್‌ನಲ್ಲಿ ಒಲಿಂಪಿಕ್ಸ್‌ಗೆ ಆಯ್ಕೆ ನಡೆದಾಗ ಅವರು ಹಸುಗೂಸಿನ ತಾಯಿ. ಫೈನಲ್‌ನಲ್ಲಿ ಅವರು ಜಾರಿಸಿದ ಒಂದು ಕಲ್ಲು ಬದಿಗಿದ್ದ ಕಲ್ಲಿಗೆ ತಾಗಿ, ಅಲ್ಲಿಂದ ಓರೆಯಾಗಿ ಮನೆಯ ಒಳಕ್ಕೆ ತಿರುಗಿ, ನಡುವಿನಲ್ಲಿ ಭದ್ರವಾಗಿ ಕುಳಿತಿದ್ದ ಎದುರಾಳಿಯ ಕಲ್ಲನ್ನು ಹೊರಗೆ ತಳ್ಳಿ ಮೂರು ಅಂಕ ತಂದುಕೊಟ್ಟಿತು. ಆ ಹೊಡೆತವನ್ನು ಇಲ್ಲಿನವರು ಈಗಲೂ ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸುತ್ತಾರೆ. ಕರ್ಲಿಂಗ್ ಪೂರ್ಣ ಮಾನ್ಯತೆಯೊಡನೆ ಒಲಿಂಪಿಕ್ಸ್‌ಗೆ ಮರಳಿದ 1998ರ ನಾಗಾನೊದಲ್ಲಿ ಆ ತಂಡ ಚಿನ್ನ ಗೆದ್ದಿತು. ಎರಡು ವರ್ಷ ಕಳೆದು, 2000ದ ಮಾರ್ಚ್ 2ರಂದು, ಶ್ಮಿರ್ಲರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ಆಗ ಮೂವತ್ತಾರು ವರ್ಷ. ಅಂತ್ಯಕ್ರಿಯೆಯನ್ನು ದೇಶವೇ ಟಿವಿಯಲ್ಲಿ ನೋಡಿತು. ಸಸ್ಕಟೂನ್‌ನಲ್ಲಿ ಬ್ರಯರ್ ನೋಡಲು ಬಂದಿದ್ದವರು ಅಲ್ಲಿಯೇ ಕುಳಿತು ಅದನ್ನು ನೋಡಿದರು. ಶ್ಮಿರ್ಲರ್ ಹೆಸರಿನ ಪ್ರತಿಷ್ಠಾನ ಇಂದು ದೇಶದ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ, ಕಾಯಿಲೆ ಬಿದ್ದ ಶಿಶುಗಳ ಆರೈಕೆಯ ಸಲಕರಣೆಗಳಿಗೆ ನೆರವಾಗುತ್ತಿದೆ. ಶ್ಮಿರ್ಲರ್ ರೆಜೈನಾದ ಒಂದು ಈಜುಕೊಳದಲ್ಲಿ ಕೆಲಸ ಮಾಡುತ್ತಿದ್ದರು ಎಂಬುದನ್ನು ಹೇಳುವಾಗ ನಮ್ಮ ಸ್ಕಿಪ್ಪಿನ ದನಿ ತುಸು ಗಡಸಾಗುತ್ತದೆ. ವಿಶ್ವ ಚಾಂಪಿಯನ್ ಆದವರೂ ಬೆಳಗಾದರೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು ಎಂಬುದು ಅವರಿಗೆ ಮುಖ್ಯ.

2006ರ ಫೆಬ್ರವರಿ 24ರಂದು ಕೆನಡಾದ ಬ್ರ್ಯಾಡ್ ಗುಶು ಅವರ ತಂಡ ಟ್ಯೂರಿನ್ ಒಲಿಂಪಿಕ್ಸ್‌ನ ಫೈನಲ್ ಆಡುವಾಗ, ಮಕ್ಕಳೂ ಅದನ್ನು ನೋಡಲಿ ಎಂದು ಅವರ ತವರಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯ ಶಾಲೆಗಳಿಗೆ ಮಧ್ಯಾಹ್ನವೇ ರಜೆ ಕೊಟ್ಟಿತು. ಫಿನ್ಲೆಂಡನ್ನು 10-4ರಿಂದ ಸೋಲಿಸಿದ ಗುಶು ಮಂಜುಗಡ್ಡೆಯ ಮೇಲೆ ನಿಂತುಕೊಂಡೇ ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಿದರು.

ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಮಾತ್ರ ಇಂಥ ದೊಡ್ಡ ಗಳಿಗೆಗಳಲ್ಲ. ಮೊದಲ ಸಂಜೆ ನಾನು ಉಜ್ಜುತ್ತಿದ್ದಾಗ ಬ್ರಶ್ಶು ಚಲಿಸುತ್ತಿದ್ದ ಕಲ್ಲಿಗೆ ತಾಗಿತು, ಯಾರೂ ಗಮನಿಸಲಿಲ್ಲ ಎಂದು ನಾನು ಅಂದುಕೊಂಡೆ. ನನ್ನ ಜೊತೆ ಉಜ್ಜುತ್ತಿದ್ದ ನಮ್ಮದೇ ತಂಡದ ಹೆಣ್ಣುಮಗಳು ತಟ್ಟನೆ ಕೈಯೆತ್ತಿ ಕಲ್ಲಿಗೆ ತಾಗಿತು ಎಂದು ಹೇಳಿ, ಅದನ್ನು ಪಕ್ಕಕ್ಕೆ ಸರಿಸಿದರು. ಕ್ಲಬ್ಬಿನ ಆಟದಲ್ಲಿ ಅಂಪೈರ್ ಇರುವುದಿಲ್ಲ. ತಪ್ಪು ಮಾಡಿದವರೇ ಅದನ್ನು ಹೇಳಬೇಕು. ಎದುರಾಳಿ ಒಳ್ಳೆಯ ಹೊಡೆತ ಆಡಿದರೆ ಮೆಚ್ಚುಗೆ ಹೇಳಬೇಕು, ಅವರು ತಪ್ಪಿದಾಗ ಸಂತೋಷ ತೋರಿಸಬಾರದು. ಆಟಕ್ಕೆ ಮೊದಲು ಎಂಟೂ ಜನ ಪರಸ್ಪರ ಕೈಕುಲುಕಬೇಕು, ಮುಗಿದ ಮೇಲೆ ಮತ್ತೆ ಕೈಕುಲುಕಬೇಕು, ಆಮೇಲೆ ಒಂದೇ ಮೇಜಿನ ಸುತ್ತ ಕೂರಬೇಕು. ಮೊದಲ ಸುತ್ತಿನ ಪಾನೀಯದ ಖರ್ಚು ಗೆದ್ದವರದ್ದು. ಆ ರಾತ್ರಿ ನಾವು ಹೀನಾಯವಾಗಿ ಸೋತೆವು, ಎದುರಾಳಿಗಳು ನನಗೆ ಕಾಫಿ ಕೊಡಿಸಿ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಮೈಸೂರಿನಲ್ಲಿ ಈಗ ಎಷ್ಟು ಬಿಸಿಲು ಎಂದು ವಿಚಾರಿಸಿದರು. ನಾಲ್ಕು ತಿಂಗಳಿನಿಂದ ಆ ನಗರದಲ್ಲಿದ್ದರೂ ನನ್ನ ಮನೆಯವರ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು.

ಈಗ ಹಳ್ಳಿಯ ರಿಂಕ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಹೊಲಗಳು ದೊಡ್ಡದಾದವು, ಕುಟುಂಬಗಳು ಕಡಿಮೆಯಾದವು, ಮಂಜುಗಡ್ಡೆ ಹಿಡಿದಿಡುವ ಯಂತ್ರಗಳ ವಿದ್ಯುತ್ ಬಿಲ್ ಏರಿತು, ಪುಕ್ಕಟೆಯಾಗಿ ದುಡಿಯುತ್ತಿದ್ದವರಿಗೆ ವಯಸ್ಸಾಯಿತು. ಒಲಿಂಪಿಕ್ಸ್ ಬಂದಾಗ ಕೋಟ್ಯಂತರ ಕಣ್ಣುಗಳು ಟಿವಿಗೆ ಅಂಟಿಕೊಳ್ಳುತ್ತವೆ, ಆದರೆ ಟಿವಿ ನೋಡುವವರು ಹಳ್ಳಿಯ ಸೂರನ್ನು ರಿಪೇರಿ ಮಾಡಲಾರರು. ಇನ್ನೊಂದು ಮಾತನ್ನೂ ಹೇಳಬೇಕು: ವಿನಿಪೆಗ್‌ನ ಬಸ್ಸಿನಲ್ಲಿ ಕಾಣುವ ಮುಖಗಳಿಗೂ ಕ್ಲಬ್ಬಿನ ಗೋಡೆಯ ಮೇಲಿನ ಫೋಟೋಗಳಲ್ಲಿ ಕಾಣುವ ಮುಖಗಳಿಗೂ ಬಹಳ ವ್ಯತ್ಯಾಸವಿದೆ. ಫಿಲಿಪ್ಪೀನ್ಸ್‌ನಿಂದ, ಪಂಜಾಬಿನಿಂದ, ನೈಜೀರಿಯಾದಿಂದ ಬಂದವರು ಈ ನಗರದ ಬಹುದೊಡ್ಡ ಭಾಗ, ಅವರಲ್ಲಿ ಹೆಚ್ಚಿನವರಿಗೆ ಆ ತಗಡಿನ ಕಟ್ಟಡದ ಒಳಗೆ ಏನು ನಡೆಯುತ್ತದೆ ಎಂಬುದೇ ತಿಳಿಯದು. ಇದು ಯಾರೋ ಬಾಗಿಲು ಮುಚ್ಚಿದ್ದರಿಂದ ಆದದ್ದು ಎಂದು ನಾನು ಹೇಳಲಾರೆ. ಬಾಗಿಲು ತೆರೆದಿದೆ ಎಂದು ಹೋಗಿ ಹೇಳುವವರು ಕಡಿಮೆಯಾದರು. ನನ್ನನ್ನು ಕರೆದವರು ಕ್ಲಬ್ಬಿನ ಕಾರ್ಯಕ್ರಮವೊಂದರ ಭಾಗವಾಗಿ ಕರೆದವರಲ್ಲ, ಜ್ವರ ಬಂದವನ ಜಾಗಕ್ಕೆ ಒಬ್ಬರು ಬೇಕಿತ್ತು, ಅಷ್ಟೇ.

ಕಳೆದ ನವೆಂಬರಿನಲ್ಲಿ ನಮ್ಮ ತಂಡದ ಒಬ್ಬರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕಚೇರಿಗೆ ಆಗಷ್ಟೇ ಸೇರಿದ್ದ, ಮನಿಲಾದಿಂದ ಬಂದ ಹುಡುಗಿಯೊಬ್ಬಳನ್ನು ಮಂಗಳವಾರ ಸಂಜೆ ಬಿಡುವಿದೆಯೇ ಎಂದು ಕೇಳಿದೆ, ಶೂ ಬಗ್ಗೆಯೂ ಕೇಳಿದೆ. ಅಂಗಡಿಯ ಕಾಗದ ಇನ್ನೂ ಒಳಗೇ ಇದ್ದ ಹೊಸ ಶೂ ಹಿಡಿದು ಆಕೆ ಬಂದಳು. ಐದನೆಯ ಎಂಡಿನಲ್ಲಿ ಸ್ಕಿಪ್ಪಿನ ಕಲ್ಲು ಮನೆಯ ಅಂಚಿಗೂ ತಲುಪದಂತೆ ಸೊರಗುತ್ತಿದ್ದಾಗ ಆಕೆ ಹಾದಿಯ ಕೊನೆಯ ತನಕ ಬ್ರಶ್ಶಿನ ಮೇಲೆ ಮೈಭಾರ ಹಾಕಿ ಉಜ್ಜಿದಳು, ಕಲ್ಲು ತೆವಳುತ್ತ ಬಂದು ಎದುರಾಳಿಯ ಕಲ್ಲಿಗಿಂತ ಒಂದು ಗೇಣು ಒಳಗೆ ನಿಂತಿತು. ಪಂದ್ಯವನ್ನು ನಾವು 7-4ರಿಂದ ಸೋತೆವು. ಮೇಜಿನ ಬಳಿ ಎದುರಾಳಿ ತಂಡದ ಸ್ಕಿಪ್ ಆಕೆಗೆ ಒಂದು ಹಾಟ್ ಚಾಕೊಲೇಟ್ ತಂದುಕೊಟ್ಟು, ಆ ಶುಕ್ರವಾರ ತಮ್ಮ ಇನ್ನೊಂದು ತಂಡದಲ್ಲಿ ಒಬ್ಬರು ಕಡಿಮೆ ಇದ್ದಾರೆ, ಬರಲಾಗುತ್ತದೆಯೇ ಎಂದು ಕೇಳಿದರು.